ಸಕ್ಕರೆ ಕಾಯಿಲೆ: ಹೆಸರು ಹೇಳದ ಇನ್ನರ್ಧ

ರೋಗಗಳಿಗೆ ಹೆಸರಿಡುವಾಗ ಜನರು ಮೊದಲು ಕಣ್ಣಿಗೆ ಬಿದ್ದದ್ದನ್ನೇ ಹಿಡಿದುಕೊಳ್ಳುತ್ತಾರೆ. ಅರಿಶಿನ ಕಾಮಾಲೆಗೆ ಬಣ್ಣ, ಆನೆಕಾಲು ರೋಗಕ್ಕೆ ಕಾಲಿನ ಗಾತ್ರ, ನಾಯಿಕೆಮ್ಮಿಗೆ ಕೆಮ್ಮಿನ ಸದ್ದು ಹೆಸರು ತಂದುಕೊಟ್ಟಿವೆ. ಮಧುಮೇಹಕ್ಕೆ ಹೆಸರು ಬಂದದ್ದು ರುಚಿಯಿಂದ. ಸಂಸ್ಕೃತದ ಮಧುಮೇಹ, ಯುರೋಪಿನ ವೈದ್ಯರ ಡಯಾಬಿಟಿಸ್ ಮೆಲಿಟಸ್, ಕನ್ನಡದ ಸಿಹಿಮೂತ್ರ ರೋಗ, ಸಕ್ಕರೆ ಕಾಯಿಲೆ ಇವೆಲ್ಲ ಒಂದೇ ಸಂಗತಿಯನ್ನು ಹೇಳುತ್ತವೆ. ಚಿತ್ರದುರ್ಗ ಸೀಮೆಯ ಸಂತೆಯಲ್ಲೋ ಬಸ್ ನಿಲ್ದಾಣದಲ್ಲೋ ವಯಸ್ಸಾದ ಇಬ್ಬರು ಮಾತಿಗೆ ಕುಳಿತರೆ 'ನಿಂಗೆ ಎಷ್ಟೈತೆ ಶುಗರು?' ಎಂಬ ಪ್ರಶ್ನೆ ಬರಲು ಹೆಚ್ಚು ಹೊತ್ತು ಬೇಕಿಲ್ಲ. ಉತ್ತರ ಒಂದು ಅಂಕಿಯಾಗಿರುತ್ತದೆ.

ಆದರೆ ಈ ಅಂಕಿಯೊಂದರಿಂದಲೇ ಬಿಡಿಸಲಾಗದ ಒಗಟೊಂದಿದೆ. ಒಂದೇ ಮನೆಯ ಇಬ್ಬರಿಗೆ ಹೆಚ್ಚುಕಡಿಮೆ ಒಂದೇ ವಯಸ್ಸಿನಲ್ಲಿ ಕಾಯಿಲೆ ಬಂದಿರುತ್ತದೆ. ರಕ್ತದ ಸಕ್ಕರೆಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ ಒಬ್ಬರು ಹೊಲಕ್ಕೆ ಹೋಗಿ ಬರುತ್ತಿರುತ್ತಾರೆ. ಇನ್ನೊಬ್ಬರ ಮೂತ್ರಪಿಂಡ ಸೋತು, ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಬೇಕಾಗಿರುತ್ತದೆ. ಮಧುಮೇಹ ಇರುವವರಲ್ಲಿ ಸುಮಾರು ಮೂರನೆಯ ಒಂದು ಭಾಗದ ಜನರಿಗೆ ಒಂದಲ್ಲ ಒಂದು ಹಂತದ ಮೂತ್ರಪಿಂಡದ ತೊಂದರೆ ಕಾಣಿಸಿಕೊಳ್ಳುತ್ತದೆ. ಉಳಿದವರು ಪಾರಾಗುವುದು ಹೇಗೆ? ಸಕ್ಕರೆಯೇ ಎಲ್ಲಕ್ಕೂ ಕಾರಣವಾದರೆ ಒಂದೇ ಮಟ್ಟದ ಸಕ್ಕರೆ ಇಬ್ಬರನ್ನು ಎರಡು ಬಗೆಯಾಗಿ ಕಾಣುವುದೇಕೆ?

ಈ ಪ್ರಶ್ನೆಯ ಬೆನ್ನು ಹತ್ತಿದ ವೈದ್ಯವಿಜ್ಞಾನ ಕಳೆದ ನಾಲ್ಕು ದಶಕಗಳಲ್ಲಿ ಸಕ್ಕರೆಯಿಂದ ಉರಿಯೂತದ ಕಡೆಗೆ, ಉರಿಯೂತದಿಂದ ಒಂದು ಪುಟ್ಟ ವಂಶವಾಹಿಯ ಕಡೆಗೆ ಬಂದಿದೆ. ಆ ಹಾದಿಯನ್ನು ಅರಿಯುವುದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಬಯಲುಸೀಮೆಯ ಊರುಗಳಿಗೆ ಬರಿಯ ಕುತೂಹಲದ ವಿಷಯವಾಗಿ ಉಳಿದಿಲ್ಲ.

ಇರುವೆ ಹೇಳಿದ ಪಾಠ

ಚರಕ ಮತ್ತು ಸುಶ್ರುತ ಸಂಹಿತೆಗಳು ಪ್ರಮೇಹ ಎಂಬ ಹೆಸರಿನಡಿ ಇಪ್ಪತ್ತು ಬಗೆಯ ಮೂತ್ರರೋಗಗಳನ್ನು ಎಣಿಸಿದವು. ಅವುಗಳಲ್ಲಿ ಜೇನಿನಂಥ ಮೂತ್ರದ ಬಗೆಗೆ ಮಧುಮೇಹವೆಂಬ ಹೆಸರಾಯಿತು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಪ್ರಾಚೀನ ಭಾರತದ ವೈದ್ಯರು ಗಮನಿಸಿದ್ದರು. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1674ರಲ್ಲಿ ಮೂತ್ರದ ಸಿಹಿಯನ್ನು ಬರೆದಿಟ್ಟ. 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಆ ಸಿಹಿ ಸಕ್ಕರೆಯದೇ ಎಂದು ತೋರಿಸಿದ.

ಸುಶ್ರುತ ಸಂಹಿತೆಯಲ್ಲಿ ಇಂದಿಗೂ ಬೆರಗು ಹುಟ್ಟಿಸುವ ಮೂರು ಮಾತುಗಳಿವೆ. ಪ್ರಮೇಹದಲ್ಲಿ ಎರಡು ಮೂಲಗಳುಂಟು: ಹುಟ್ಟಿನಿಂದಲೇ ಬರುವುದು ಒಂದು, ಅಪಥ್ಯದಿಂದ ಬರುವುದು ಇನ್ನೊಂದು; ಮೊದಲನೆಯವನು ಕೃಶನಾಗಿರುತ್ತಾನೆ, ಎರಡನೆಯವನು ಸ್ಥೂಲನಾಗಿರುತ್ತಾನೆ ಎಂಬುದು ಮೊದಲನೆಯ ಮಾತು. ವಂಶ ಮತ್ತು ಊಟ ಎರಡೂ ರೋಗದಲ್ಲಿ ಪಾಲುದಾರರೆಂಬ ಅರಿವು ಅಷ್ಟು ಹಳೆಯದು. ಬಡ ರೋಗಿಗೆ ಹೇಳಿದ ಚಿಕಿತ್ಸೆ ಎರಡನೆಯದು: ನೂರು ಯೋಜನ ನಡೆಯಬೇಕು, ದನ ಕಾಯಬೇಕು, ಬಾವಿ ತೋಡಬೇಕು. ಆಹಾರದಲ್ಲಿ ಜವೆಗೋಧಿ, ಹಾರಕದಂಥ ಒರಟು ಧಾನ್ಯಗಳಿಗೆ ಅಲ್ಲಿ ಸ್ಥಾನವುಂಟು. ಮೂರನೆಯದು, ಪ್ರಮೇಹ ಹಳೆಯದಾದಾಗ ಮೈಮೇಲೆ ಏಳುವ, ಕೊಳೆತು ಪ್ರಾಣಕ್ಕೇ ಎರವಾಗುವ ಕುರುಗಳ ವಿವರ. ಪ್ರಮೇಹ ಪಿಡಕಗಳೆಂದು ಅವುಗಳಿಗೆ ಬೇರೆ ಹೆಸರನ್ನೇ ಕೊಡಲಾಗಿತ್ತು. ರೋಗ ಮೂತ್ರದಲ್ಲಿ ಕಂಡರೂ ಅದರ ಕೆಡುಕು ದೇಹದ ಬೇರೆ ಕಡೆ ನಡೆಯುತ್ತದೆ ಎಂಬ ಸುಳಿವು ಅಲ್ಲಿತ್ತು. ಕೆಂಪಗೆ ಊದಿ, ಬಿಸಿಯಾಗಿ, ನೋಯುವ ಕುರು ಎಂದರೆ ಉರಿಯೂತದ ಬಹಿರಂಗ ರೂಪವೇ. ಆದರೆ ಉರಿಯೂತಕ್ಕೂ ಸಿಹಿಮೂತ್ರಕ್ಕೂ ಇರುವ ನಂಟಿನ ಒಳಗುಟ್ಟು ಬಿಚ್ಚಿಕೊಳ್ಳಲು ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು.

ದುರ್ಗದ ಸೀಮೆಯ ಊಟ

ಸುಶ್ರುತ ಬಡ ರೋಗಿಗೆ ಚಿಕಿತ್ಸೆಯಾಗಿ ಹೇಳಿದ ಬಾಳು ಚಿತ್ರದುರ್ಗದ ಸೀಮೆಯಲ್ಲಿ ಬಹುಕಾಲ ದಿನನಿತ್ಯದ ಬಾಳೇ ಆಗಿತ್ತು. ವೃತ್ತಿಯಿಂದ ವೈದ್ಯನಾಗಿದ್ದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ನಗರದಿಂದ ಹೊರಟು ಇಕ್ಕೇರಿ ಮತ್ತು ಚಿತ್ರದುರ್ಗದ ಸೀಮೆಗಳನ್ನು ದಾಟಿ ಹಿರಿಯೂರಿಗೆ ಬಂದ. ದಾರಿಯುದ್ದಕ್ಕೂ ನೆಲ, ನೀರು, ಬೆಳೆಗಳನ್ನು ನೋಡಿ ಬರೆದ ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮಳೆ ಕಡಿಮೆ ಇರುವ ಈ ಸೀಮೆಯ ನೆಲ ಒಗ್ಗಿಕೊಂಡಿದ್ದುದು ರಾಗಿ, ಜೋಳ, ನವಣೆ, ಸಾವೆ, ಹುರುಳಿಗಳಿಗೆ. ಹೊಸದುರ್ಗ ತಾಲ್ಲೂಕು ಇಂದಿಗೂ ಸಾವೆಗೆ ಹೆಸರಾಗಿದೆ.

ನೀರು ಬಂದದ್ದು ಮಾರಿಕಣಿವೆಯಿಂದ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಅಣೆಕಟ್ಟು 1907ರಲ್ಲಿ ಮುಗಿಯಿತು. ರಾಜಮಾತೆಯ ಹೆಸರಿನಲ್ಲಿ ಅದು ವಾಣಿವಿಲಾಸ ಸಾಗರವಾಯಿತು. ಸುಮಾರು 30 ಟಿಎಂಸಿ ಅಡಿ ನೀರು ಹಿಡಿಯುವ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ತರುವಾಯ. ಈ ಸೀಮೆಯ ಬರದ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ. ಆದರೂ ಕಾಲುವೆ ಹರಿದ ಕಡೆ ಭತ್ತ, ಕಬ್ಬು ಬಂದವು. ಹಿರಿಯೂರಿಗೆ ಸಕ್ಕರೆ ಕಾರ್ಖಾನೆಯೂ ಬಂದು, ಮುಂದೆ ನಿಂತುಹೋಯಿತು. ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಕೊಳವೆಬಾವಿಯ ಬಲದಿಂದ ಅಡಿಕೆ, ತೆಂಗು ಹಬ್ಬಿದವು. ಮನೆಯ ಒಲೆಯ ಮೇಲೆ ಮುದ್ದೆಯ ಜಾಗದಲ್ಲಿ ಅನ್ನದ ಪಾಲು ಹೆಚ್ಚಿತು. ಎತ್ತಿನ ಬದಲು ಟ್ರ್ಯಾಕ್ಟರ್, ನಡಿಗೆಯ ಬದಲು ಮೋಟಾರ್ ಸೈಕಲ್ ಬಂದವು. ಹಸಿವೆಯನ್ನು ನೀಗಿದ ಈ ಬದಲಾವಣೆಯನ್ನು ಯಾರೂ ಹಳಿಯಬೇಕಿಲ್ಲ. ಬರಕ್ಕೆ ಒಗ್ಗಿದ ದೇಹಗಳಿಗೆ ಒಂದೆರಡು ತಲೆಮಾರಿನಲ್ಲೇ ಬೇರೆ ಊಟ, ಬೇರೆ ದುಡಿಮೆ ಬಂತೆಂಬುದನ್ನು ಮಾತ್ರ ಮರೆಯಬಾರದು.

ಹೀಗೆ ಬದಲಾದ ದೇಹಗಳ ಬಗ್ಗೆ ಜಗತ್ತು ಗಮನಿಸಿದ ಒಂದು ಅಧ್ಯಯನ ನಡೆದದ್ದು ಮೈಸೂರಿನಲ್ಲಿ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದಿಟ್ಟ ದಾಖಲೆಗಳು ಉಳಿದಿದ್ದವು. ಆ ಮಕ್ಕಳಲ್ಲಿ ನಡುವಯಸ್ಸು ತಲುಪಿದ ಐನೂರಕ್ಕೂ ಹೆಚ್ಚು ಮಂದಿಯನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಉದ್ದ ಕಡಿಮೆಯಿದ್ದು, ಆ ಉದ್ದಕ್ಕೆ ಹೋಲಿಸಿದರೆ ತೂಕ ಹೆಚ್ಚಾಗಿದ್ದವರಲ್ಲಿ, ತಾಯಿಯ ತೂಕ ಹೆಚ್ಚಾಗಿದ್ದವರಲ್ಲಿ ಮಧುಮೇಹ ಹೆಚ್ಚು ಕಂಡಿತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ತಮ್ಮನ್ನೇ ಉದಾಹರಣೆಯಾಗಿ ಇಟ್ಟುಕೊಂಡರು. ಅವರಿಗೂ ಇಂಗ್ಲೆಂಡಿನ ಜಾನ್ ಯುಡ್ಕಿನ್ ಅವರಿಗೂ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರ ಮೈಯಲ್ಲಿ ಶೇ 21.2. 2004ರಲ್ಲಿ ಪ್ರಕಟವಾದ ಈ ಜೋಡಿ ಚಿತ್ರ, ನೋಡಲು ತೆಳ್ಳಗಿರುವ ಭಾರತೀಯನ ಒಳಗೆ ಅಡಗಿರುವ ಕೊಬ್ಬನ್ನು ಬಯಲಿಗೆ ತಂದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಕೊಟ್ಟ ಲೆಕ್ಕದಂತೆ ದೇಶದ ವಯಸ್ಕರಲ್ಲಿ ಶೇ 11.4ರಷ್ಟು, ಎಂದರೆ ಸುಮಾರು 10.1 ಕೋಟಿ ಜನ ಮಧುಮೇಹಿಗಳು. ಒಳಗಿನ ಕೊಬ್ಬಿನ ಈ ಸಂಗತಿ ಉರಿಯೂತದ ಕಥೆಯಲ್ಲಿ ಮತ್ತೆ ಎದುರಾಗುತ್ತದೆ.

ಇನ್ಸುಲಿನ್ ನೀಡಿದ ಆಯುಷ್ಯ

1889ರಲ್ಲಿ ಜರ್ಮನಿಯ ಮಿಂಕೋವ್ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. ರೋಗದ ಬೇರು ಮೂತ್ರಪಿಂಡದಲ್ಲಿಲ್ಲವೆಂಬುದು ಆಗ ಖಚಿತವಾಯಿತು. 1922ರ ಜನವರಿ 11ರಂದು ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಲಾಯಿತು. ಸಾವಿನ ಅಂಚಿನಲ್ಲಿದ್ದ ಮಕ್ಕಳು ಎದ್ದು ಕುಳಿತರು. ಸಮಸ್ಯೆ ಬಗೆಹರಿಯಿತೆಂದು ಅನೇಕರು ನಂಬಿದರು.

ಆಯುಷ್ಯ ಹೆಚ್ಚಿದಾಗ ರೋಗದ ಇನ್ನೊಂದು ಮುಖ ಕಂಡಿತು. ಹತ್ತು ಹದಿನೈದು ವರ್ಷ ಬದುಕಿದ ರೋಗಿಗಳ ಕಣ್ಣು ಮಂಜಾಯಿತು, ಪಾದ ಮರಗಟ್ಟಿತು, ಮುಖ ಊದಿಕೊಂಡಿತು. 1936ರಲ್ಲಿ ಅಮೆರಿಕದಲ್ಲಿ ಪಾಲ್ ಕಿಮ್ಮೆಲ್‌ಸ್ಟೀಲ್ ಮತ್ತು ಕ್ಲಿಫರ್ಡ್ ವಿಲ್ಸನ್ ಇಂಥ ರೋಗಿಗಳ ಮೂತ್ರಪಿಂಡವನ್ನು ಸೂಕ್ಷ್ಮದರ್ಶಕದಡಿ ನೋಡಿ, ರಕ್ತ ಸೋಸುವ ಜಾಲರಿಗಳಲ್ಲಿ ಗಂಟು ಗಂಟಾಗಿ ಕಟ್ಟಿದ ಕಲೆಗಳನ್ನು ವರ್ಣಿಸಿದರು. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಇಂಥ ಪುಟ್ಟ ಜರಡಿಗಳಿವೆ. ಒಂದೊಂದಾಗಿ ಗಡುಸಾಗುತ್ತ ಹೋದರೂ ಬಹುಕಾಲ ಹೊರಗೆ ಏನೂ ಗೊತ್ತಾಗುವುದಿಲ್ಲ.

ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಈ ತೊಂದರೆಗಳು ಕಡಿಮೆಯಾಗುತ್ತವೆ ಎಂಬುದನ್ನು 1993ರಲ್ಲಿ ಅಮೆರಿಕದ, 1998ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನಗಳು ಸಾಬೀತು ಮಾಡಿದವು. ಸಕ್ಕರೆ ಮುಖ್ಯವೆಂಬುದರಲ್ಲಿ ಆಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಆದರೆ ಬಿಗಿಯಾಗಿ ಹಿಡಿದವರಲ್ಲೂ ಕೆಲವರಿಗೆ ಮೂತ್ರಪಿಂಡ ಕೆಟ್ಟಿತು. ಹಿಡಿಯದವರಲ್ಲೂ ಕೆಲವರು ಪಾರಾದರು. ಸಕ್ಕರೆಗೂ ಕಲೆಗೂ ನಡುವೆ ಇನ್ನಾರದೋ ಕೈ ಕೆಲಸ ಮಾಡುತ್ತಿರಬೇಕು.

ಕೋಟೆಯ ಕಹಳೆ

ಆ ಕೈ ಯಾರದೆಂದು ತಿಳಿಯಲು ಮಧುಮೇಹಕ್ಕೆ ಸಂಬಂಧವೇ ಇಲ್ಲದ ಒಂದು ಪ್ರಯೋಗದ ಕಡೆಗೆ ತಿರುಗಬೇಕು. 1882ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಯೊಂದಕ್ಕೆ ಗುಲಾಬಿಯ ಮುಳ್ಳು ಚುಚ್ಚಿದ. ಮರುದಿನ ನೋಡಿದಾಗ ಅಲೆಮಾರಿ ಜೀವಕೋಶಗಳು ಮುಳ್ಳಿನ ಸುತ್ತ ನೆರೆದಿದ್ದವು. ಹೊರಗಿನ ವಸ್ತುವನ್ನು ನುಂಗಿ ಹಾಕುವ ಈ ಭಕ್ಷಕ ಕೋಶಗಳ ಅರಿವಿಗಾಗಿ ಅವನಿಗೆ 1908ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮುಳ್ಳು ಚುಚ್ಚಿದ ಸುದ್ದಿ ಈ ಕೋಶಗಳಿಗೆ ಮುಟ್ಟಿದ್ದು ಹೇಗೆ ಎಂಬ ಪ್ರಶ್ನೆ ಮಾತ್ರ ನೂರು ವರ್ಷ ಹಾಗೆಯೇ ಉಳಿಯಿತು.

ಚಿತ್ರದುರ್ಗದವರಿಗೆ ಇದನ್ನು ವಿವರಿಸುವುದು ಸುಲಭ. ಹೈದರಾಲಿಯ ಮುತ್ತಿಗೆಯ ಕಾಲದ ಓಬವ್ವನ ಕಥೆಯಲ್ಲಿ ಕಿಂಡಿಯ ಬಳಿ ಶತ್ರುವನ್ನು ತಡೆದದ್ದು ಒನಕೆಯಾದರೆ, ಕೋಟೆಯೊಳಗಿನ ಸೈನಿಕರನ್ನು ಆ ಜಾಗಕ್ಕೆ ಕರೆತಂದದ್ದು ಅವಳ ಗಂಡ ಊದಿದ ಕಹಳೆ. ಏಳು ಸುತ್ತಿನ ಕೋಟೆಯಲ್ಲಿ ಸೈನ್ಯ ಎಷ್ಟಿದ್ದರೇನು, ಎಲ್ಲಿಗೆ ಓಡಬೇಕೆಂದು ತಿಳಿಯದಿದ್ದರೆ ಪ್ರಯೋಜನವಿಲ್ಲ. ದೇಹದಲ್ಲೂ ಬಿಳಿರಕ್ತಕಣಗಳನ್ನು ಕರೆಯುವ ಕಹಳೆಯ ಸದ್ದುಗಳುಂಟು. ಜೀವಕೋಶಗಳು ಸುರಿಸುವ ಚಿಕ್ಕ ಪ್ರೋಟೀನ್‌ಗಳೇ ಆ ಸದ್ದು. 1990ರ ದಶಕದ ಆರಂಭದಲ್ಲಿ ಅವುಗಳಿಗೆ ಕೀಮೋಕೈನ್ ಎಂಬ ಹೆಸರು ನಿಂತಿತು.

ಅವುಗಳಲ್ಲಿ ಒಂದರ ಚರಿತ್ರೆ ಹೀಗಿದೆ. 1983ರಲ್ಲಿ ಅಮೆರಿಕದ ಸಂಶೋಧಕರು ಇಲಿಯ ಜೀವಕೋಶಗಳಲ್ಲಿ ಜೆಇ ಎಂಬ ಗುರುತಿನ ವಂಶವಾಹಿಯೊಂದನ್ನು ಕಂಡರು. ಅದರ ಕೆಲಸ ಏನೆಂದು ಆಗ ತಿಳಿದಿರಲಿಲ್ಲ. 1989ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಟೈಜೊ ಯೋಶಿಮುರಾ, ಎಡ್ವರ್ಡ್ ಲಿಯೊನಾರ್ಡ್ ಮತ್ತು ಸಂಗಡಿಗರು ಮನುಷ್ಯರ ಗೆಡ್ಡೆಯ ಜೀವಕೋಶಗಳಿಂದ, ಮಾನೊಸೈಟ್ ಎಂಬ ಬಿಳಿರಕ್ತಕಣವನ್ನು ಸೆಳೆಯುವ ಪ್ರೋಟೀನೊಂದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದು ಇಲಿಯ ಜೆಇ ವಂಶವಾಹಿಯ ಮಾನವ ರೂಪವೇ ಎಂದು ಗೊತ್ತಾಯಿತು. ಎಂಸಿಪಿ–1 ಎಂದು ಆಗ ಹೆಸರಾದ ಅದಕ್ಕೆ ಈಗಿನ ಹೆಸರು ಸಿಸಿಎಲ್2. ಹದಿನೇಳನೆಯ ವರ್ಣತಂತುವಿನಲ್ಲಿರುವ ಈ ವಂಶವಾಹಿಯ ಆಜ್ಞೆಯಂತೆ ತಯಾರಾಗುವ ಪ್ರೋಟೀನಿನಲ್ಲಿ ಇರುವುದು ಕೇವಲ 76 ಅಮೈನೊ ಆಮ್ಲಗಳು.

ಗಾಯವಾದಾಗ, ಸೋಂಕು ತಗುಲಿದಾಗ ಈ ಕಹಳೆ ಊದಬೇಕು, ಕೆಲಸ ಮುಗಿದ ಮೇಲೆ ನಿಲ್ಲಬೇಕು. ಮಧುಮೇಹದಲ್ಲಿ ಶತ್ರುವೇ ಇಲ್ಲದೆ ಕಹಳೆ ಊದುತ್ತಲೇ ಇರುತ್ತದೆ. ಏರಿದ ಸಕ್ಕರೆಯಲ್ಲಿ ನೆನೆಯುತ್ತಿರುವ ಮೂತ್ರಪಿಂಡದ ಜೀವಕೋಶಗಳು ಎಂಸಿಪಿ–1 ಸುರಿಸತೊಡಗುತ್ತವೆ. ರಕ್ತದಲ್ಲಿ ಸಾಗುತ್ತಿದ್ದ ಮಾನೊಸೈಟ್‌ಗಳು ನಾಳದ ಗೋಡೆ ದಾಟಿ ಒಳಬಂದು ಭಕ್ಷಕ ಕೋಶಗಳಾಗುತ್ತವೆ. ನುಂಗಲು ಅಲ್ಲಿ ವೈರಿಗಳಿರುವುದಿಲ್ಲ. ಬಂದವರು ಸುಮ್ಮನಿರದೆ ಇನ್ನಷ್ಟು ರಾಸಾಯನಿಕಗಳನ್ನು ಹೊರಹಾಕುತ್ತಾರೆ. ಅವು ಇನ್ನಷ್ಟು ಮಂದಿಯನ್ನು ಕರೆಯುತ್ತವೆ, ನಾರು ಕಟ್ಟಿಸುತ್ತವೆ. ಮೆತ್ತಗಿದ್ದ ಜರಡಿ ಗಡುಸಾಗುತ್ತದೆ. 1936ರಲ್ಲಿ ಕಂಡ ಕಲೆಗಳ ಹಿಂದೆ ನಡೆದಿದ್ದ ಕೆಲಸಗಳಲ್ಲಿ ಇದೂ ಒಂದು.

ಕಥೆ ಮೂತ್ರಪಿಂಡಕ್ಕೇ ಮುಗಿಯುವುದಿಲ್ಲ. ಮಧುಮೇಹದಿಂದ ಅಕ್ಷಿಪಟಲ ಕೆಟ್ಟವರ ಕಣ್ಣಿನ ಒಳದ್ರವದಲ್ಲಿ ಈ ಪ್ರೋಟೀನ್ ಹೆಚ್ಚಿರುತ್ತದೆ. ಹೃದಯದ ರಕ್ತನಾಳದ ಗೋಡೆಯಲ್ಲಿ ಕೊಬ್ಬಿನ ಪದರ ಕಟ್ಟುವುದರಲ್ಲೂ ಅದರ ಪಾತ್ರವಿದೆ ಎಂದು 1998ರ ಇಲಿ ಪ್ರಯೋಗಗಳು ತೋರಿಸಿದವು. ಹೊಟ್ಟೆಯೊಳಗಿನ ಕೊಬ್ಬೂ ಈ ಕಹಳೆಯನ್ನು ಊದುತ್ತದೆ. ತೆಳ್ಳಗೆ ಕಾಣುವವರ ಒಳಗೆ ಅಡಗಿದ ಕೊಬ್ಬು ಕೇವಲ ದಾಸ್ತಾನು ಕೊಠಡಿಯಾಗಿರದೆ ಉರಿಯೂತದ ಒಲೆಯೂ ಆಗಬಲ್ಲದು.

ವಂಶವಾಹಿಯ ಒಂದು ಅಕ್ಷರ

ಈಗ ಮೊದಲಿನ ಒಗಟಿಗೆ ಬರಬಹುದು. ಎಲ್ಲರ ಕಹಳೆಯೂ ಒಂದೇ ಜೋರಿನದೇ? 1999ರಲ್ಲಿ ಅಮೆರಿಕದ ಓಹಾಯೊದ ಬ್ರಾಡ್ ರೋವಿನ್ ಮತ್ತು ಸಂಗಡಿಗರು ಈ ವಂಶವಾಹಿಯ ಆರಂಭಕ್ಕೆ ಮುಂಚಿನ ಭಾಗದಲ್ಲಿ, 2518ನೆಯ ಸ್ಥಾನದಲ್ಲಿ, ಜನರಿಂದ ಜನರಿಗೆ ಒಂದು ಅಕ್ಷರದ ವ್ಯತ್ಯಾಸವಿರುವುದನ್ನು ಕಂಡರು. ಕೆಲವರಲ್ಲಿ ಅಲ್ಲಿ 'ಎ' ಅಕ್ಷರ, ಕೆಲವರಲ್ಲಿ 'ಜಿ'. ಆ ಭಾಗ ವಂಶವಾಹಿಯ ಸದ್ದನ್ನು ಏರಿಸುವ ಇಳಿಸುವ ಗುಂಡಿಯಿದ್ದಂತೆ. ಉರಿಯೂತದ ಪ್ರಚೋದನೆ ಸಿಕ್ಕಾಗ 'ಜಿ' ಇರುವವರ ಕೋಶಗಳು ಹೆಚ್ಚು ಎಂಸಿಪಿ–1 ತಯಾರಿಸಿದವು.

ಹಾಗಾದರೆ 'ಜಿ' ಇರುವವರಿಗೇ ಮೂತ್ರಪಿಂಡ ಕೆಡಬೇಕಷ್ಟೆ? ಹಲವು ದೇಶಗಳಲ್ಲಿ ಪರೀಕ್ಷೆ ನಡೆಯಿತು. ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ಕೊರಿಯಾದ ಮಧುಮೇಹಿಗಳ ಒಂದು ಅಧ್ಯಯನದಲ್ಲಿ ಮೂತ್ರಪಿಂಡ ವೈಫಲ್ಯದ ಜೊತೆ ನಂಟು ಕಂಡದ್ದು 'ಎ' ಅಕ್ಷರಕ್ಕೆ. ಭಾರತದಲ್ಲಿ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಸಂಶೋಧಕರು ಈ ವಂಶವಾಹಿಯನ್ನೂ ಉರಿಯೂತದ ಇತರ ಕೆಲವು ವಂಶವಾಹಿಗಳನ್ನೂ ಒಟ್ಟಿಗೆ ಪರಿಶೀಲಿಸಿ 2009ರಲ್ಲಿ ವರದಿ ಪ್ರಕಟಿಸಿದರು. ಭಾರತೀಯ ಮಧುಮೇಹಿಗಳ ಮೂತ್ರಪಿಂಡದ ತೊಂದರೆಗೂ ಉರಿಯೂತದ ವಂಶವಾಹಿಗಳ ಸಾಮಾನ್ಯ ವ್ಯತ್ಯಾಸಗಳಿಗೂ ಸಂಬಂಧವಿದೆ ಎಂಬುದು ಅದರ ತಿರುಳು. ಒಂದೇ ವಂಶವಾಹಿಗೆ ಅಪರಾಧಿಯ ಪಟ್ಟ ಕಟ್ಟುವಂತಿಲ್ಲ. ಹಲವು ವಂಶವಾಹಿಗಳು ಸ್ವಲ್ಪ ಸ್ವಲ್ಪ ಭಾರ ಹಾಕಿ ತಕ್ಕಡಿಯನ್ನು ಬಾಗಿಸುತ್ತವೆ.

ಇದೇ ಅಕ್ಷರ ಕ್ಷಯರೋಗದ ಚರಿತ್ರೆಯಲ್ಲೂ ಕಾಣಿಸಿಕೊಂಡಿತು. 2005ರಲ್ಲಿ ಮೆಕ್ಸಿಕೊ ಮತ್ತು ಕೊರಿಯಾದ ಜನರ ಅಧ್ಯಯನ 'ಜಿ' ಇರುವವರಿಗೆ ಕ್ಷಯ ಬರುವ ಸಂಭವ ಹೆಚ್ಚೆಂದಿತು. 2009ರಲ್ಲಿ ಆಫ್ರಿಕಾದ ಘಾನಾದ ಅಧ್ಯಯನ ಅದೇ ಅಕ್ಷರ ಅಲ್ಲಿ ರಕ್ಷಣೆ ನೀಡುತ್ತದೆಂದಿತು. ವಂಶವಾಹಿ ಎಂಬುದು ಹಣೆಬರಹವೆಂದು ತಿಳಿದವರು ಇದನ್ನು ನೆನಪಿಡಬೇಕು. ಅದೇ ಅಕ್ಷರ ನೆಲ, ಜನ, ಊಟ, ಸೋಂಕುಗಳು ಬದಲಾದಂತೆ ಬೇರೆ ಫಲ ಕೊಡಬಲ್ಲದು. ಚಿತ್ರದುರ್ಗದ ಮಧುಮೇಹಿ ಹಣ ತೆತ್ತು ಈ ಅಕ್ಷರವನ್ನು ಓದಿಸಿಕೊಂಡರೂ ಅವನ ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲ.

ಕಹಳೆ ನಿಲ್ಲಿಸಲು ಹೋದಾಗ

ವಂಶವಾಹಿಯಿಂದ ಭವಿಷ್ಯ ಹೇಳಲಾಗದಿದ್ದರೂ ಕಹಳೆಯನ್ನು ತಡೆದರೆ ಉಪಯೋಗವಾದೀತೆ ಎಂಬುದು ಬೇರೆ ಪ್ರಶ್ನೆ. 2006ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನ ಸಂಶೋಧಕರು ಈ ವಂಶವಾಹಿಯೇ ಇಲ್ಲದ ಇಲಿಗಳಿಗೆ ಮಧುಮೇಹ ಬರಿಸಿದರು. ಸಕ್ಕರೆ ಏರಿದರೂ ಅವುಗಳ ಮೂತ್ರಪಿಂಡ ಇತರ ಇಲಿಗಳಷ್ಟು ಕೆಡಲಿಲ್ಲ. ಸಕ್ಕರೆಗೂ ಹಾನಿಗೂ ನಡುವಿನ ಕೊಂಡಿ ಹೀಗೆ ಕೈಗೆ ಸಿಕ್ಕಿತು. 2015ರಲ್ಲಿ ಯುರೋಪಿನಲ್ಲಿ 332 ರೋಗಿಗಳಿಗೆ ಈ ಕಹಳೆಯ ಸದ್ದು ಕೇಳದಂತೆ ಮಾನೊಸೈಟ್‌ನ ಕಿವಿ ಮುಚ್ಚುವ ಮಾತ್ರೆ ಕೊಟ್ಟು ನೋಡಿದ ಅಧ್ಯಯನ ಪ್ರಕಟವಾಯಿತು. ಐದು ಮಿಲಿಗ್ರಾಂ ತೆಗೆದುಕೊಂಡವರ ಮೂತ್ರದಲ್ಲಿ ಪ್ರೋಟೀನ್ ಸೋರಿಕೆ ಇತರರಿಗಿಂತ ಶೇ 16ರಷ್ಟು ಕಡಿಮೆಯಾಯಿತು. ಹತ್ತು ಮಿಲಿಗ್ರಾಂನಿಂದ ಅಷ್ಟೂ ಲಾಭವಾಗಲಿಲ್ಲ. ಆ ಮಾತ್ರೆ ಔಷಧಿ ಅಂಗಡಿಗೆ ಬರಲಿಲ್ಲ.

ಕಹಳೆಯನ್ನು ಪೂರ್ತಿ ಅಡಗಿಸುವುದೂ ಒಳ್ಳೆಯದಲ್ಲ. ಮಧುಮೇಹಿ ಇಲಿಗಳ ಗಾಯಗಳಲ್ಲಿ ಮೊದಲ ದಿನಗಳ ಕರೆ ಸಾಕಷ್ಟು ಜೋರಾಗಿರುವುದಿಲ್ಲ. ಭಕ್ಷಕ ಕೋಶಗಳು ತಡವಾಗಿ ಬರುತ್ತವೆ, ಗಾಯ ಮಾಯುವುದಿಲ್ಲ. ಅಂಥ ಗಾಯಕ್ಕೆ ಇದೇ ಪ್ರೋಟೀನನ್ನು ಹಚ್ಚಿದಾಗ ಬೇಗ ಮಾಯಿತು. ಮೂತ್ರಪಿಂಡದಲ್ಲಿ ಬೇಡದಿದ್ದಾಗ ಊದುವ ಕಹಳೆ, ಪಾದದ ಗಾಯದಲ್ಲಿ ಬೇಕಾದಾಗ ಕ್ಷೀಣವಾಗುತ್ತದೆ. ಬರಿಗಾಲಿನಲ್ಲಿ ಹೊಲ ತುಳಿಯುವವರ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಉರಿಯೂತವೆಂದರೆ ನೋವಿನ ಮಾತ್ರೆ ನುಂಗಿದರಾಯಿತು ಎಂದು ತಿಳಿಯುವುದು ಇನ್ನೊಂದು ಅಪಾಯ. 1876ರಲ್ಲಿ ಜರ್ಮನಿಯ ಎಬ್‌ಸ್ಟೈನ್, 1901ರಲ್ಲಿ ಇಂಗ್ಲೆಂಡಿನ ವಿಲಿಯಮ್‌ಸನ್ ಎಂಬ ವೈದ್ಯರು ಆಸ್ಪಿರಿನ್ ವರ್ಗದ ಔಷಧಿಯಿಂದ ಮೂತ್ರದ ಸಕ್ಕರೆ ಇಳಿದುದನ್ನು ಕಂಡಿದ್ದರು ನಿಜ. ಅದು ಭಾರೀ ಪ್ರಮಾಣದ ಔಷಧಿಯ ಫಲ. ಮಂಡಿನೋವು, ಬೆನ್ನುನೋವಿಗೆಂದು ಅಂಗಡಿಯಿಂದ ತಂದು ದಿನವೂ ನುಂಗುವ ಅನೇಕ ನೋವಿನ ಮಾತ್ರೆಗಳು ಮಧುಮೇಹಿಯ ಮೂತ್ರಪಿಂಡವನ್ನೇ ಕೆಡಿಸುತ್ತವೆ.

ಸದ್ದಿಲ್ಲದ ದಿನಗಳು

ಹಾಗಿದ್ದರೆ ಈ ನೂರು ವರ್ಷಗಳ ಅರಿವಿನಿಂದ ಜನರಿಗೆ ದಕ್ಕಿದ್ದೇನು? ಉರಿಯೂತ ಮತ್ತು ನಾರು ಕಟ್ಟುವಿಕೆಯ ಹಾದಿಗೆ ಬೇರೆ ಕಡೆಗಳಿಂದ ತಡೆ ಒಡ್ಡುವ ಔಷಧಿಗಳು ಬಂದಿವೆ. 1993ರಲ್ಲಿ ಕ್ಯಾಪ್ಟೊಪ್ರಿಲ್, 2001ರಲ್ಲಿ ಲೊಸಾರ್ಟಾನ್ ಎಂಬ ರಕ್ತದೊತ್ತಡದ ಮಾತ್ರೆಗಳು ಮಧುಮೇಹಿಯ ಮೂತ್ರಪಿಂಡವನ್ನು ಕಾಪಾಡುತ್ತವೆಂದು ಸಾಬೀತಾಯಿತು. ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕುವ ಹೊಸ ವರ್ಗದ ಔಷಧಿಗಳು 2019ರಲ್ಲಿ, ಫಿನೆರಿನೋನ್ ಎಂಬುದು 2020ರಲ್ಲಿ ಅದೇ ಸಾಲಿಗೆ ಸೇರಿದವು. ಇವು ಕೆಟ್ಟದ್ದನ್ನು ಸರಿಮಾಡುವುದಿಲ್ಲ, ಕೆಡುವುದನ್ನು ನಿಧಾನಗೊಳಿಸುತ್ತವೆ. ಆದ್ದರಿಂದ ಎಷ್ಟು ಬೇಗ ಗೊತ್ತಾಯಿತೆಂಬುದೇ ಮುಖ್ಯ.

ಬೇಗ ಗೊತ್ತುಮಾಡಿಕೊಳ್ಳಲು ವಂಶವಾಹಿಯ ಪರೀಕ್ಷೆ ಬೇಕಿಲ್ಲ. ಜರಡಿ ಕೆಡಲಾರಂಭಿಸಿದಾಗ ಮೊದಲು ಸೋರುವುದು ಆಲ್ಬುಮಿನ್ ಎಂಬ ಪ್ರೋಟೀನ್. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಥವಾ ಹೆಚ್ಚು ಆಲ್ಬುಮಿನ್ ಮೂತ್ರದಲ್ಲಿದ್ದು, ಮತ್ತೆ ನೋಡಿದಾಗಲೂ ಹಾಗೆಯೇ ಇದ್ದರೆ ಅದು ಎಚ್ಚರಿಕೆ. ಆಗ ರೋಗಿಗೆ ಊತವಿರುವುದಿಲ್ಲ, ನೋವಿರುವುದಿಲ್ಲ, ಆಯಾಸವಿರುವುದಿಲ್ಲ. ರಕ್ತದ ಸಕ್ಕರೆಯ ಅಂಕಿಯೂ ಇದನ್ನು ಹೇಳುವುದಿಲ್ಲ. ವರ್ಷಕ್ಕೊಮ್ಮೆ ಮೂತ್ರದ ಈ ಪರೀಕ್ಷೆ, ಕ್ರಿಯಾಟಿನಿನ್ ತಿಳಿಯಲು ರಕ್ತ ಪರೀಕ್ಷೆ, ಅಕ್ಷಿಪಟಲದ ತಪಾಸಣೆ, ಪಾದದ ತಪಾಸಣೆ, ಇವುಗಳ ಜೊತೆಗೆ ರಕ್ತದೊತ್ತಡದ ಹಿಡಿತ: ಜಿಲ್ಲಾ ಕೇಂದ್ರದ ವೈದ್ಯರಷ್ಟೇ ಅಲ್ಲ, ತಾಲ್ಲೂಕಿನ ವೈದ್ಯರೂ ಹೇಳುವ ಮಾತುಗಳಿವು. ಸರ್ಕಾರ ಡಯಾಲಿಸಿಸ್ ಯಂತ್ರವನ್ನು ತಾಲ್ಲೂಕು ಆಸ್ಪತ್ರೆಗಳಿಗೆ ತಂದಿರುವುದು ದೊಡ್ಡ ಉಪಕಾರ. ಅಲ್ಲಿಗೆ ಹೋಗುವ ಸಾಲು ಉದ್ದವಾಗದಿರಲು ಇರುವ ದಾರಿ ಮಾತ್ರ ಹತ್ತು ವರ್ಷ ಮೊದಲಿನ ಈ ಪುಟ್ಟ ಪರೀಕ್ಷೆಯ ಮೂಲಕ ಹೋಗುತ್ತದೆ.

ಸಾವೆ, ನವಣೆಗಳಿಗೆ ಮತ್ತೆ ಮರ್ಯಾದೆ ಬಂದಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಹೊಸದುರ್ಗದ ಸಾವೆ ಮಧುಮೇಹಿಯ ತಟ್ಟೆಗೆ ಬಂದರೆ ಒಳ್ಳೆಯದೇ. ಆದರೆ ರಾಗಿಯೂ ಸಾವೆಯೂ ಪಿಷ್ಟವುಳ್ಳ ಧಾನ್ಯಗಳೇ. ಅವುಗಳ ಗುಣದಷ್ಟೇ ತಿನ್ನುವ ಪ್ರಮಾಣವೂ ಮುಖ್ಯ. ಸುಶ್ರುತ ಒರಟು ಧಾನ್ಯವೊಂದನ್ನೇ ಹೇಳಲಿಲ್ಲ, ನೂರು ಯೋಜನದ ನಡಿಗೆಯನ್ನೂ ಬಾವಿ ತೋಡುವ ದುಡಿಮೆಯನ್ನೂ ಜೊತೆಗೇ ಹೇಳಿದ. ಮಧುಮೇಹವೆಂಬ ಹೆಸರು ಎರಡು ಸಾವಿರ ವರ್ಷಗಳಿಂದ ನಮ್ಮ ಕಣ್ಣನ್ನು ಸಿಹಿಯ ಕಡೆಗೆ ತಿರುಗಿಸಿದೆ. ಆ ಹೆಸರು ಸುಳ್ಳಲ್ಲ, ಪೂರ್ತಿಯೂ ಅಲ್ಲ. 'ಶುಗರ್ ಎಷ್ಟೈತೆ?' ಎಂದು ಕೇಳುವವರು ಇನ್ನು ಮುಂದೆ 'ಮೂತ್ರದಲ್ಲಿ ಆಲ್ಬುಮಿನ್ ನೋಡಿಸಿದ್ಯಾ?' ಎಂದೂ ಕೇಳುವಂತಾದರೆ ಉಳಿದ ಅರ್ಧಕ್ಕೂ ಗಮನ ಸಿಕ್ಕಂತಾಗುತ್ತದೆ.